ಗಾಜಿಲ್ಲದ ಉಂಗುರಗಳು

ಕಾರವಾರದ ಕೋಡಿಬಾಗದಲ್ಲಿ ನೌಕರಿಯ ಕಾಲವನ್ನೆಲ್ಲ ಕಳೆದ ನನ್ನ ಸೋದರಮಾವ, ನಿವೃತ್ತಿಯ ನಂತರ ಬಾಡಿಗೆ ಮನೆ ಬಿಟ್ಟು ಶಿರಸಿಗೆ ಬರುವಾಗ, ನನಗೆಂದು ಒಂದು ಝೆನಿತ್ ಕ್ಯಾಮೆರಾವನ್ನು ತೆಗೆದಿಟ್ಟಿದ್ದರು. ಸೋವಿಯತ್ ಕಾರ್ಖಾನೆಯಲ್ಲಿ ತಯಾರಾದ ಆ ಫಿಲ್ಮ್ ಕ್ಯಾಮೆರಾದ ಶಟರ್ ಉಪ್ಪುಗಾಳಿಗೆ ಎಂದೋ ಹಿಡಿದುಕೊಂಡು ನಿಂತಿತ್ತು. ಆದರೆ ಅದರ ಮುಂದಿದ್ದ ಹೀಲಿಯೋಸ್ 44-2 ಎಂಬ 58 ಮಿಲಿಮೀಟರಿನ ಲೆನ್ಸನ್ನು ತಿರುಗಿಸಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಾಗ, ಅಂಚಿನಲ್ಲಿ ಜೇಡನ ಎಳೆಯಂತೆ ಕಂಡ ಒಂದಿಷ್ಟು ಫಂಗಸ್ ಬಿಟ್ಟರೆ ಗಾಜು ತಿಳಿಯಾಗಿಯೇ ಇತ್ತು. ಚರ್ಮದ ಚೀಲದಲ್ಲಿ ಇಟ್ಟಿದ್ದರಿಂದಲೇ ಆ ಫಂಗಸ್ ಹತ್ತಿದ್ದು ಎಂಬುದು ನನಗೆ ಆಮೇಲೆ ತಿಳಿಯಿತು. ಚರ್ಮವು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಲೆನ್ಸನ್ನು ಅದರಲ್ಲಿ ಮುಚ್ಚಿಡಬಾರದು. ನನ್ನಲ್ಲಿದ್ದುದು ಹಳೆಯದೊಂದು ನಿಕಾನ್ ಡಿ5300 ಮತ್ತು 55-200 ಮಿಲಿಮೀಟರಿನ ಜೂಮ್. ಆ ಕ್ಯಾಮೆರಾಕ್ಕೂ ಮಾವ ಕೊಟ್ಟ ಈ ಲೆನ್ಸಿಗೂ ನೇರವಾದ ಸಂಬಂಧವೇನೂ ಇರಲಿಲ್ಲ. ಆ ಸಂಬಂಧವನ್ನು ಕಟ್ಟಿಕೊಟ್ಟದ್ದು ನಾಲ್ಕಾರು ಅಲ್ಯೂಮಿನಿಯಮ್ ಉಂಗುರಗಳು.

ನನಗೆ ನೋಡಬೇಕಿದ್ದದ್ದು ಕಾಳುಮೆಣಸಿನ ಹೂವು. ಮೃಗಶಿರಾ ಮಳೆ ಹಿಡಿದ ಮೇಲೆ ಅಡಿಕೆ ಮರಗಳನ್ನು ತಬ್ಬಿದ ಬಳ್ಳಿಗಳಲ್ಲಿ ಎಳೆಯ ಹೂಗೊಂಚಲುಗಳು ಇಳಿಬೀಳುವುದನ್ನು ಹುಟ್ಟಿದಂದಿನಿಂದ ಕಂಡಿದ್ದೇನೆ. ಆದರೆ ಆ ಹಸಿರು ಕಡ್ಡಿಯ ಮೇಲೆ ಹೂವು ಎಂಬುದು ಎಲ್ಲಿದೆ, ಹೇಗಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ನನ್ನಿಂದಾಗುತ್ತಿರಲಿಲ್ಲ. ಮೊಬೈಲಿನ ಕ್ಯಾಮೆರಾ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ತೀರ ಹತ್ತಿರದ ಸಣ್ಣ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಕೊಳ್ಳುವುದೆಂದರೆ ಆ ವರ್ಷದ ಮೆಣಸಿನ ಹಣದಲ್ಲಿ ದೊಡ್ಡ ಪಾಲನ್ನು ಅದಕ್ಕೇ ಎತ್ತಿಡಬೇಕಿತ್ತು. ಹಾಗಾಗಿ ಉಂಗುರಗಳ ದಾರಿ ಹಿಡಿದೆ. ಅಗ್ಗ ಎಂಬ ಕಾರಣಕ್ಕೆ ಹಿಡಿದ ದಾರಿ ಅದು ನಿಜ. ಈಗ ಕೈಯಲ್ಲಿ ಹಣವಿದ್ದರೂ ಅದನ್ನು ಬಿಡಲು ಮನಸ್ಸಿಲ್ಲ, ಏಕೆಂದರೆ ಲೆನ್ಸ್ ಎಂಬುದು ಏನು ಮಾಡುತ್ತದೆ ಎಂದು ನಾನು ಕಲಿತದ್ದು ಈ ಉಂಗುರಗಳಿಂದ.

ಈ ಉಂಗುರದೊಳಗೆ ಗಾಜಿಲ್ಲ. ಬೆರಳು ತೂರಿಸಿದರೆ ಆಚೆಗೆ ಬರುತ್ತದೆ. ಏನೂ ಇಲ್ಲದ ಈ ವಸ್ತು ಚಿತ್ರವನ್ನು ದೊಡ್ಡದು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲೇ ಇತ್ತು. ಪೀನ ಮಸೂರದ ಒಂದು ಬದಿಗೆ ಮೇಣದಬತ್ತಿ, ಇನ್ನೊಂದು ಬದಿಗೆ ಬಿಳಿಯ ಪರದೆ ಇಟ್ಟು ಸಂಗಮದೂರ ಅಳೆದದ್ದು ನಿಮಗೂ ನೆನಪಿರಬಹುದು. ಬತ್ತಿ ಬಹಳ ದೂರವಿದ್ದಾಗ ಪರದೆಯನ್ನು ಮಸೂರದ ಹತ್ತಿರ, ಅಂದರೆ ಸಂಗಮದೂರದಲ್ಲಿ ಇಡಬೇಕಾಗುತ್ತದೆ ಮತ್ತು ಬಿಂಬ ಚಿಕ್ಕದಾಗಿರುತ್ತದೆ. ಬತ್ತಿಯನ್ನು ಹತ್ತಿರ ತಂದಷ್ಟೂ ಪರದೆಯನ್ನು ಹಿಂದೆ ಸರಿಸಬೇಕಾಗುತ್ತದೆ, ಬಿಂಬವೂ ಬೆಳೆಯುತ್ತದೆ. ಎರಡೂ ಬದಿಯಲ್ಲಿ ಸಂಗಮದೂರದ ಎರಡರಷ್ಟು ಅಂತರವಿದ್ದಾಗ ಬಿಂಬವೂ ವಸ್ತುವೂ ಒಂದೇ ಅಳತೆಯವು. ಕ್ಯಾಮೆರಾದಲ್ಲಿ ಆ ಪರದೆಯೇ ಸೆನ್ಸರ್. ಸಾಮಾನ್ಯ ಲೆನ್ಸ್ ತನ್ನ ಕೊಳವೆಯೊಳಗೆ ಕೆಲವೇ ಮಿಲಿಮೀಟರು ಮುಂದೆ ಹೋಗಬಲ್ಲದಾದ್ದರಿಂದ ಒಂದು ಮಿತಿಗಿಂತ ಹತ್ತಿರದ ವಸ್ತು ಅದಕ್ಕೆ ಸ್ಪಷ್ಟವಾಗುವುದಿಲ್ಲ. ನಡುವೆ ಉಂಗುರ ಸೇರಿಸಿದರೆ ಲೆನ್ಸು ಸೆನ್ಸರಿನಿಂದ ದೂರ ಹೋಗುತ್ತದೆ, ಅಷ್ಟೇ. ಸೇರಿಸಿದ ದೂರವನ್ನು ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಹಿಗ್ಗಿತು ಎಂಬುದು ಸಿಗುತ್ತದೆ. ಸಂಗಮದೂರ 58 ಮಿಲಿಮೀಟರು ಇರುವ ನನ್ನ ಲೆನ್ಸಿಗೆ ಅಷ್ಟೇ ದೂರ ಸೇರಿಸಿದರೆ ವಸ್ತುವಿನ ನಿಜವಾದ ಗಾತ್ರವೇ ಸೆನ್ಸರಿನ ಮೇಲೆ ಮೂಡುತ್ತದೆ. ಹೀಗೆ ದೂರ ಹೆಚ್ಚಿಸುವ ಉಂಗುರಗಳಿಗೆ ಎಕ್ಸ್‌ಟೆನ್ಶನ್ ಟ್ಯೂಬ್ ಎನ್ನುತ್ತಾರೆ. ನನ್ನಲ್ಲಿರುವವು 7, 14 ಮತ್ತು 28 ಮಿಲಿಮೀಟರಿನವು; ಮೂರನ್ನೂ ಸೇರಿಸಿದರೆ 49. ಉಳಿದದ್ದನ್ನು ಲೆನ್ಸಿನದೇ ಫೋಕಸ್ ರಿಂಗ್ ಹೆಚ್ಚುಕಡಿಮೆ ತುಂಬಿಕೊಡುತ್ತದೆ.

ಲೆಕ್ಕ ಸುಲಭವಾದರೂ ಕೊಳ್ಳುವುದು ಸುಲಭವಲ್ಲ. ಉಂಗುರಗಳ ಮೇಲೆ ಬರೆದಿರುವ ಅಂಕಿಗಳನ್ನು ಓದಲು ಕಲಿಯುವುದಕ್ಕೇ ನನಗೆ ಒಂದು ಮಳೆಗಾಲ ಹಿಡಿಯಿತು. ಲೆನ್ಸಿನ ಮುಂಭಾಗದಲ್ಲಿ ಫಿಲ್ಟರ್ ಹಾಕಲೆಂದು ಇರುವ ಥ್ರೆಡ್, ಅಂದರೆ ತಿರುಪಿನ ಗೆರೆ, ಒಳಮೈಯಲ್ಲಿರುತ್ತದೆ; ಹೀಲಿಯೋಸಿನದು 49 ಮಿಲಿಮೀಟರು, ನನ್ನ ಜೂಮಿನದು 52. ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟಿಸುವ ಉಂಗುರದ ಮೇಲೆ 49-52 ಎಂದು ಬರೆದಿದ್ದರೆ, 49ರ ಕಡೆ ಹೊರಮೈ ಥ್ರೆಡ್ಡಿದ್ದು ಅದು ಲೆನ್ಸಿನೊಳಗೆ ಕೂರುತ್ತದೆ, 52ರ ಕಡೆ ಒಳಮೈ ಥ್ರೆಡ್ಡಿದ್ದು ಮುಂದಿನದನ್ನು ತನ್ನೊಳಗೆ ಕೂರಿಸಿಕೊಳ್ಳುತ್ತದೆ. ಅದೇ ಅಂಕಿಗಳು ತಿರುಗಿ 52-49 ಎಂದಾದರೆ ಅದು ಬೇರೆಯದೇ ವಸ್ತು. ಹೀಲಿಯೋಸಿನ ಮುಂದೆ ಹಿಡಿದರೆ ಒಳಥ್ರೆಡ್ಡಿಗೆ ಒಳಥ್ರೆಡ್ ಎದುರಾಗಿ ಎರಡೂ ಒಂದಕ್ಕೊಂದು ಮುಖ ಕೊಡದೆ ನಿಲ್ಲುತ್ತವೆ. ನಾನು ಮೊದಲು ತರಿಸಿದ್ದು ಆ 52-49ನ್ನೇ.

ಅದಕ್ಕಿಂತ ದೊಡ್ಡ ಪಾಠ ಎಂ42 ಎಂಬ ಅಳತೆಯಿಂದ ಬಂತು. ಹೀಲಿಯೋಸ್ ಕ್ಯಾಮೆರಾಕ್ಕೆ ಸೇರುವ ಹಿಂಬದಿ ಈ ಥ್ರೆಡ್ಡಿನದು. 1949ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ತಯಾರಾದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಿಂದ ಬಳಕೆಗೆ ಬಂದು, ಆಮೇಲೆ ಪ್ರಾಕ್ಟಿಕಾ, ಪೆಂಟ್ಯಾಕ್ಸ್, ಝೆನಿತ್ ಎಲ್ಲವೂ ಅಳವಡಿಸಿಕೊಂಡ ಮೌಂಟ್, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂಡುವ ಬಾಯಿ, ಇದು. ಅಡ್ಡಳತೆ 42 ಮಿಲಿಮೀಟರು, ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವ ಅಂತರ, ಅಂದರೆ ಪಿಚ್, ಒಂದು ಮಿಲಿಮೀಟರು. ನಾನು ಅಂತರ್ಜಾಲದ ಅಂಗಡಿಯೊಂದರಲ್ಲಿ 42 ಮಿಲಿಮೀಟರಿನಿಂದ ನಿಕಾನಿಗೆ ಹೋಗುವ ಉಂಗುರ ಎಂದಷ್ಟೇ ನೋಡಿ ತರಿಸಿದೆ. ಬಂದ ಉಂಗುರಕ್ಕೆ ಮೊದಲ ಟ್ಯೂಬನ್ನು ಕೂರಿಸಿ ತಿರುಗಿಸಿದರೆ ಒಂದೂವರೆ ಸುತ್ತು ಹೋಗಿ ನಿಂತಿತು. ಹೊಸ ಥ್ರೆಡ್ ಬಿಗಿಯಾಗಿರಬಹುದು ಎಂದುಕೊಂಡು ಬಲ ಹಾಕಿದೆ. ಆಮೇಲೆ ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಪಂಪಿನ ಶಾಫ್ಟು, ದೋಟಿಯ ಕೊಕ್ಕೆ ಇಂಥವನ್ನೆಲ್ಲ ಸರಿಮಾಡಿಕೊಡುವ ಶಿರಸಿಯ ಲೇಥ್ ಅಂಗಡಿಯೊಂದಕ್ಕೆ ಅದನ್ನು ಒಯ್ದೆ. ಅಲ್ಲಿಯ ಮೇಸ್ತ್ರಿ ಕನ್ನಡಕ ಏರಿಸಿಕೊಂಡು, "ಹೆಗಡೇರೆ, ಇದನ್ನ ಬಲ ಹಾಕಿ ತಿರುಗ್ಸಿದ್ರಾ?" ಎಂದು ಕೇಳಿದರು. ಹೌದೆಂದೆ. ಅವರು ಸೈಕಲ್ ಟ್ಯೂಬಿನ ರಬ್ಬರನ್ನು ಎರಡೂ ಕಡೆ ಸುತ್ತಿ, ಮರದ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿ ತಟ್ಟಿ ಬಿಡಿಸಿದರು. ಬಳಿಕ ಗರಗಸದ ಹಲ್ಲಿನಂತಹ ಅಲಗುಗಳಿರುವ ಪಿಚ್ ಗೇಜನ್ನು ತೆಗೆದು ಒಂದೊಂದನ್ನೇ ಥ್ರೆಡ್ಡಿನ ಮೇಲಿಟ್ಟು ಬೆಳಕಿಗೆ ಹಿಡಿದರು. "ಅಡ್ಡಳತೆ ಎರಡ್ರದ್ದೂ ಒಂದೇ. ಪಿಚ್ ಬೇರೆ. ಇದು ಮುಕ್ಕಾಲು, ಅದು ಒಂದು. ಹೇಗೆ ಕೂರ್ತದೆ?" ಎಂದರು. ನನಗೆ ಬಂದಿದ್ದುದು ಟಿ2 ಎಂಬ ಉಂಗುರ. ದೂರದರ್ಶಕ, ಸೂಕ್ಷ್ಮದರ್ಶಕಗಳನ್ನು ಕ್ಯಾಮೆರಾಕ್ಕೆ ಜೋಡಿಸಲು ಬಳಸುವ ಆ ವ್ಯವಸ್ಥೆಯ ಅಡ್ಡಳತೆಯೂ 42 ಮಿಲಿಮೀಟರೇ. ಪಿಚ್ ಮಾತ್ರ 0.75. ಕ್ಯಾಮೆರಾ ಎಂದರೆ ಏನೆಂದು ತಲೆಕೆಡಿಸಿಕೊಳ್ಳದ ಮನುಷ್ಯ, ನಾನು ವಾರಗಟ್ಟಲೆ ಓದಿಯೂ ಗಮನಿಸದೇ ಹೋದ ಸಂಗತಿಯನ್ನು ಎರಡು ನಿಮಿಷದಲ್ಲಿ ಹಿಡಿದರು. ಅಂದಿನಿಂದ ಯಾವ ಉಂಗುರವನ್ನು ಕೊಳ್ಳುವಾಗಲೂ ಅಡ್ಡಳತೆಯ ಜೊತೆಗೆ ಪಿಚ್ಚನ್ನೂ ಬರೆದುಕೊಳ್ಳುತ್ತೇನೆ, ಮತ್ತು ಯಾವ ಥ್ರೆಡ್ಡನ್ನೂ ಮೊದಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಅದು ತನ್ನ ಜಾಗದಲ್ಲಿ ಟಕ್ಕೆಂದು ಇಳಿದದ್ದು ಕೈಗೆ ತಿಳಿದ ಮೇಲಷ್ಟೇ ಮುಂದಕ್ಕೆ ತಿರುಗಿಸುತ್ತೇನೆ. ಇದು ಕೂಡ ಅವರೇ ಹೇಳಿಕೊಟ್ಟದ್ದು.

ಸರಿಯಾದ ಎಂ42 ಉಂಗುರವನ್ನು ಹುಡುಕುವಾಗ ಇನ್ನೊಂದು ವಿಚಾರ ಎದುರಾಯಿತು. ಪ್ರತಿಯೊಂದು ಬಗೆಯ ಕ್ಯಾಮೆರಾದಲ್ಲೂ ಮೌಂಟಿನ ಮೇಲ್ಮೈಯಿಂದ ಫಿಲ್ಮಿಗೆ ಅಥವಾ ಸೆನ್ಸರಿಗೆ ಇರುವ ದೂರ ನಿಗದಿಯಾಗಿರುತ್ತದೆ. ಎಂ42ಕ್ಕೆ ಅದು 45.46 ಮಿಲಿಮೀಟರು, ನಿಕಾನ್ ಎಫ್ ಮೌಂಟಿಗೆ 46.5, ಕ್ಯಾನನ್ ಇಎಫ್‌ಗೆ 44. ಹೀಗಾಗಿ ಹೀಲಿಯೋಸನ್ನು ಕ್ಯಾನನ್ನಿಗೆ ಹಾಕಿದರೆ ಉಂಗುರಕ್ಕೆ ಒಂದೂವರೆ ಮಿಲಿಮೀಟರಿನಷ್ಟು ಜಾಗ ಸಿಕ್ಕಿ ದೂರದ ಗುಡ್ಡವೂ ಸ್ಪಷ್ಟವಾಗುತ್ತದೆ. ನಿಕಾನಿಗೆ ಹಾಕಿದರೆ ಉಂಗುರದ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಲೆನ್ಸು ಒಂದು ಮಿಲಿಮೀಟರು ಮುಂದಿರುತ್ತದೆ, ಮತ್ತು ಅಂಗಳದಾಚೆಯದು ಮಸುಕಾಗಿಯೇ ಉಳಿಯುತ್ತದೆ. ಈ ಕೊರತೆಯನ್ನು ತುಂಬಲೆಂದು ನಡುವೆ ಸಣ್ಣದೊಂದು ಗಾಜು ಕೂರಿಸಿದ ಉಂಗುರಗಳನ್ನೂ ಮಾರುತ್ತಾರೆ. ಮ್ಯಾಕ್ರೋ ಮಾಡುವವರು ಅದನ್ನು ಕೊಳ್ಳಲೇಬಾರದು ಎಂದು ನನ್ನ ಖಚಿತವಾದ ಅಭಿಪ್ರಾಯ. ಅಂಗೈ ದೂರದ ವಸ್ತುವನ್ನು ನೋಡಹೊರಟವನಿಗೆ ದೂರದ ಗುಡ್ಡದ ಗೊಡವೆ ಇಲ್ಲ. ಒಂದು ಮಿಲಿಮೀಟರು ಹೆಚ್ಚಾದರೆ ಅದು ನಷ್ಟವಲ್ಲ, ಪುಕ್ಕಟೆಯಾಗಿ ಸಿಕ್ಕ ಎಕ್ಸ್‌ಟೆನ್ಶನ್. ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜನ್ನು ಸೇರಿಸುವುದು ಮಾತ್ರ ನಿಜವಾದ ನಷ್ಟ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ನಿಕಾನ್ ಝಡ್‌ಗೆ 16, ಸೋನಿ ಇ ಮೌಂಟಿಗೆ 18 ಮಿಲಿಮೀಟರಿನಷ್ಟು ಕಡಿಮೆ ಇರುವುದರಿಂದ ಅವುಗಳಿಗೆ ಬಹುತೇಕ ಯಾವ ಹಳೆಯ ಲೆನ್ಸನ್ನು ಬೇಕಾದರೂ ಸೇರಿಸಬಹುದು.

ಟ್ಯೂಬುಗಳಿಗಿಂತ ನನಗೆ ಹೆಚ್ಚು ಪ್ರಿಯವಾದದ್ದು ಲೆನ್ಸನ್ನು ಹಿಂದುಮುಂದಾಗಿ ಹಾಕುವ ರಿವರ್ಸ್ ರಿಂಗ್. ಅದರ ಒಂದು ಬದಿ ನಿಕಾನಿನ ಮೌಂಟು, ಇನ್ನೊಂದು ಬದಿ 52ರ ಹೊರಥ್ರೆಡ್. 49-52 ಉಂಗುರದ ಮೂಲಕ ಹೀಲಿಯೋಸಿನ ಮುಂಭಾಗ ಅದಕ್ಕೆ ಕೂರುತ್ತದೆ, ಹಿಂಭಾಗ ಲೋಕಕ್ಕೆ ಮುಖಮಾಡುತ್ತದೆ. ಲೆನ್ಸನ್ನು ಲೆಕ್ಕಹಾಕಿದವರು ವಸ್ತು ದೂರದಲ್ಲೂ ಫಿಲ್ಮು ಹತ್ತಿರದಲ್ಲೂ ಇರುತ್ತದೆಂದು ತಿಳಿದು ಅದರ ಎರಡು ಬದಿಗಳನ್ನು ಬೇರೆಬೇರೆಯಾಗಿ ರೂಪಿಸಿರುತ್ತಾರೆ. ನಿಜವಾದ ಗಾತ್ರಕ್ಕಿಂತ ದೊಡ್ಡ ಬಿಂಬ ಬೇಕಾದಾಗ ವಸ್ತುವೇ ಹತ್ತಿರವಿದ್ದು ಸೆನ್ಸರೇ ದೂರವಾಗುತ್ತದೆ. ಆದ್ದರಿಂದ ಹತ್ತಿರದ ಕೆಲಸಕ್ಕೆ ಮಾಡಿದ ಬದಿಯನ್ನು ಹತ್ತಿರದ ವಸ್ತುವಿನ ಕಡೆಗೆ ತಿರುಗಿಸುವುದೇ ನ್ಯಾಯವಾದದ್ದು. ಹೀಗೆ ತಿರುಗಿಸಿದ ಮೇಲೆ ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆ ನಿಂತುಹೋಗುತ್ತದೆ. ಬೆಳಕು ಹೋಗುವ ಕಿಂಡಿಗೆ ಅಪರ್ಚರ್ ಎನ್ನುತ್ತಾರೆ. ಅದನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಇಲ್ಲದ ಈಚಿನ ನಿಕಾನ್ ಲೆನ್ಸುಗಳನ್ನು ತಿರುಗಿಸಿದರೆ ಅವುಗಳ ಕಣ್ಣು ಪೂರ್ತಿ ಕಿರಿದಾಗಿ ನಿಲ್ಲುತ್ತದೆ, ಅದನ್ನು ತೆರೆದಿಡಲು ಹಿಂದಿನ ಸಣ್ಣ ಲಿವರಿಗೆ ಕಾಗದದ ತುಂಡನ್ನು ಸಿಕ್ಕಿಸಬೇಕಾಗುತ್ತದೆ. ಹೀಲಿಯೋಸಿನಲ್ಲಿ ಆ ತೊಂದರೆಯಿಲ್ಲ. ಅದರ ಅಪರ್ಚರ್ ಸಂಪೂರ್ಣವಾಗಿ ಕೈಯಿಂದಲೇ ತಿರುಗುವಂಥದ್ದು. ಒಂದು ರಿಂಗಿನಲ್ಲಿ ಕಿಂಡಿಯ ಅಳತೆಯನ್ನು ಎಫ್/8 ಎಂದು (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಗೊತ್ತುಮಾಡಿಟ್ಟು, ಇನ್ನೊಂದನ್ನು ತೆರೆದು ಬೆಳಕಿನಲ್ಲಿ ಫೋಕಸ್ ನೋಡಿಕೊಂಡು, ಮುಚ್ಚಿ ಚಿತ್ರ ತೆಗೆಯಬಹುದು. ಡಿ5300 ಇಂಥ ಲೆನ್ಸಿನೊಂದಿಗೆ ಬೆಳಕನ್ನು ಅಳೆಯುವುದಿಲ್ಲವಾದ್ದರಿಂದ ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಎಂ ಮೋಡಿನಲ್ಲಿಟ್ಟು, ಚಿತ್ರದ ಬೆಳಕು ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿ ಸರಿಮಾಡಿಕೊಳ್ಳುತ್ತೇನೆ. ಸ್ಟೀಲ್ ಸ್ಕೇಲನ್ನು ಎದುರಿಟ್ಟು ನೋಡಿದಾಗ ಚಿತ್ರದ ಅಗಲದಲ್ಲಿ 23 ಮಿಲಿಮೀಟರಿನ ಆಸುಪಾಸು ಕಂಡಿತು. ಸೆನ್ಸರಿನ ಅಗಲ 23.5. ಅಲ್ಲಿಗೆ ಬಿಂಬವೂ ವಸ್ತುವೂ ಒಂದಕ್ಕೊಂದು ಅಳತೆಯವು.

ಮೆಣಸಿನ ಹೂವನ್ನು ನಾನು ಮೊದಲು ಕಂಡದ್ದು ಈ ಜೋಡಣೆಯಲ್ಲಿ. ಗೊಂಚಲಿನ ಮೇಲೆ ಸಾಲುಸಾಲಾಗಿ ಕುಳಿತ ಹಸಿರು ಗುಬ್ಬಿಗಳ ನೆತ್ತಿಯಲ್ಲಿ ಬಿಳಿಯ, ಕೆಲವು ಕವಲುಗಳ ನಕ್ಷತ್ರದಂಥ ಶಲಾಕಾಗ್ರಗಳು, ಅಂದರೆ ಹೂವಿನ ಹೆಣ್ಣುಭಾಗದ ತುದಿಗಳು, ಅರಳಿದ್ದವು. ನಮ್ಮ ಬಳ್ಳಿಗಳ ಹೂವು ದ್ವಿಲಿಂಗಿಯಾದರೂ ಅದರಲ್ಲಿ ಹೆಣ್ಣುಭಾಗ ಮೊದಲು ತೆರೆದುಕೊಂಡು, ಪರಾಗದ ಚೀಲಗಳು ಕೆಲವು ದಿನಗಳ ನಂತರ ಹೊರಬರುತ್ತವೆ. ಗೊಂಚಲಿನ ಗುಂಟ ಇಳಿಯುವ ಮಳೆನೀರು ಪರಾಗವನ್ನು ಒಯ್ಯಲು ನೆರವಾಗುತ್ತದೆ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಳು ಕಚ್ಚುವುದಿಲ್ಲ ಎಂದು ನಮ್ಮಲ್ಲಿ ಹೇಳುವುದನ್ನು ಕೇಳುತ್ತ ಬೆಳೆದಿದ್ದೆ. ನೀರ ಹನಿಯೊಂದು ಮೂರು ಹೂಗಳನ್ನು ಒಟ್ಟಿಗೆ ಮುಟ್ಟಿಕೊಂಡು ನಿಂತ ಚಿತ್ರವನ್ನು ಪರದೆಯ ಮೇಲೆ ನೋಡಿದಾಗ ಆ ಮಾತಿಗೆ ಒಂದು ಆಕಾರ ಬಂತು. ಆರಿದ್ರೆ ಮಳೆ ಮುಗಿಯುವವರೆಗೂ ಒಂದೇ ಬಳ್ಳಿಯ ಒಂದೇ ಗೊಂಚಲನ್ನು ದಿನವೂ ನೋಡಿದೆ.

ಆದರೆ ಒಂದಕ್ಕೊಂದು ಎಂಬ ಅಳತೆಯಲ್ಲಿ ಇರುವೆಯ ಮುಖ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಎರಡು ಲೆನ್ಸುಗಳನ್ನು ಎದುರುಬದುರಾಗಿ ಕೂಡಿಸುವ ಕಪ್ಲಿಂಗ್ ರಿಂಗ್. ಎರಡೂ ಬದಿಯಲ್ಲಿ 52ರ ಹೊರಥ್ರೆಡ್ ಇರುವ ಈ ಉಂಗುರದ ಒಂದು ಬದಿ ಜೂಮಿನ ಮೂತಿಗೆ ಹೋಗುತ್ತದೆ, ಇನ್ನೊಂದು ಬದಿ ಅದೇ 49-52ರ ಮೂಲಕ ಹೀಲಿಯೋಸಿನ ಮೂತಿಗೆ ಸೇರುತ್ತದೆ. ಎರಡನ್ನೂ ಅನಂತ ದೂರದ ಗುರುತಿಗೆ ಫೋಕಸ್ ಮಾಡಿಡಬೇಕು. ಆಗ ಹಿಗ್ಗುವಿಕೆ ಎಂದರೆ ಹಿಂದಿನ ಲೆನ್ಸಿನ ಸಂಗಮದೂರವನ್ನು ತಿರುಗಿಸಿದ ಲೆನ್ಸಿನ ಸಂಗಮದೂರದಿಂದ ಭಾಗಿಸಿದಷ್ಟು: 200ನ್ನು 58ರಿಂದ ಭಾಗಿಸಿದರೆ ಸುಮಾರು 3.4. ಚಿತ್ರದ ಇಡೀ ಅಗಲಕ್ಕೆ 7 ಮಿಲಿಮೀಟರಿಗೂ ಕಡಿಮೆ ಜಾಗ. ನಮ್ಮ ಕಡೆ ಚಗಳಿ ಎಂದು ಕರೆಯುವ ಕೆಂಪಿರುವೆಯ ಮೈ ಇದರಲ್ಲಿ ಹಿಡಿಸುವುದಿಲ್ಲ. ತಲೆ ಮತ್ತು ಎದೆ ತುಂಬಿಕೊಳ್ಳುತ್ತವೆ.

ಈ ಜೋಡಣೆ ಕೆಲಸ ಮಾಡುವ ಬಗೆಯನ್ನು ಅರ್ಥಮಾಡಿಕೊಂಡ ದಿನ ನನಗಾದ ಸಂತೋಷವನ್ನು ಹೇಳದೆ ಮುಂದೆ ಹೋಗಲಾರೆ. ಹೀಲಿಯೋಸ್ ತನ್ನ ಆಯುಸ್ಸಿನುದ್ದಕ್ಕೂ ದೂರದಿಂದ ಬಂದ ಕಿರಣಗಳನ್ನು ತನ್ನ ಹಿಂದೆ 45.46 ಮಿಲಿಮೀಟರಿನಲ್ಲಿದ್ದ ಫಿಲ್ಮಿನ ಮೇಲೆ ಕೂಡಿಸಿದ ಲೆನ್ಸು. ಬೆಳಕಿನ ದಾರಿ ಎರಡೂ ಕಡೆಯಿಂದ ಒಂದೇ. ಫಿಲ್ಮ್ ಇದ್ದ ಜಾಗದಲ್ಲಿ ಒಂದು ಇರುವೆಯನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಆ ಲೆನ್ಸಿನ ಮುಂಭಾಗದಿಂದ ಸಮಾಂತರವಾಗಿ, ಎಷ್ಟೋ ದೂರದಿಂದ ಬಂದವುಗಳಂತೆ ಹೊರಬೀಳುತ್ತವೆ. ಅನಂತ ದೂರಕ್ಕೆ ಕಣ್ಣಿಟ್ಟು ಕುಳಿತ ಜೂಮ್ ಅವನ್ನು ಸ್ವೀಕರಿಸಿ ಸೆನ್ಸರಿನ ಮೇಲೆ ಕೂಡಿಸುತ್ತದೆ. ಜೂಮಿನ ಮಟ್ಟಿಗೆ ಇರುವೆಯೂ ಒಂದು ದೂರದ ಗುಡ್ಡವೇ. ಆದ್ದರಿಂದಲೇ ಈ ಜೋಡಣೆಯಲ್ಲಿ ಇರುವೆ ಎಲ್ಲಿದ್ದರೆ ಸ್ಪಷ್ಟವಾಗುತ್ತದೆ ಎಂದು ಹುಡುಕಬೇಕಾಗಿಲ್ಲ. ಮಾವನ ಕ್ಯಾಮೆರಾದೊಳಗೆ ಮಾರಿಕಾಂಬೆಯ ಜಾತ್ರೆಯ ರಥವೂ ಕಾಳಿ ನದಿಯ ಸೇತುವೆಯೂ ಬಂದು ಬಿದ್ದ ಅದೇ ಸಮತಲದಲ್ಲಿ, ಲೆನ್ಸಿನ ಹಿಂಬದಿಯಿಂದ ನಾಲ್ಕೂವರೆ ಸೆಂಟಿಮೀಟರಿನಲ್ಲಿ, ಈಗ ನಮ್ಮ ಗೇರುಗಿಡದ ಎಲೆ ಇರುತ್ತದೆ. ಹಿಂಬದಿಯ ಗಾಜಿಗೆ ಗೀರು ಬೀಳದಿರಲೆಂದು 7 ಮಿಲಿಮೀಟರಿನ ಟ್ಯೂಬನ್ನು ಅಲ್ಲಿ ತಿರುಗಿಸಿಟ್ಟಿದ್ದೇನೆ. ಇರುವೆಗೂ ನನಗೂ ನಡುವೆ ಉಳಿಯುವುದು ಮೂರೂವರೆ ನಾಲ್ಕು ಸೆಂಟಿಮೀಟರು.

ಇದರಲ್ಲಿ ಇನ್ನೂ ಒಂದು ಅನುಕೂಲವಿದೆ. ಜೂಮ್ ತನ್ನ ಮೌಂಟಿನಲ್ಲೇ ಇರುವುದರಿಂದ ಕ್ಯಾಮೆರಾ ಅದರೊಂದಿಗೆ ಎಂದಿನಂತೆ ವ್ಯವಹರಿಸುತ್ತದೆ: ಬೆಳಕಿನ ಅಳತೆ, ಫ್ಲ್ಯಾಶ್, ಅಪರ್ಚರ್ ಎಲ್ಲವೂ ನಡೆಯುತ್ತವೆ. ಹೀಲಿಯೋಸಿನ ಅಪರ್ಚರನ್ನು ಪೂರ್ತಿ ತೆರೆದಿಟ್ಟು ಜೂಮಿನದನ್ನು ಮಾತ್ರ ಕಿರಿದು ಮಾಡಬೇಕು. ತಿರುಗಿಸಿದ್ದನ್ನು ಕಿರಿದು ಮಾಡಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಜೂಮನ್ನು 200ರಿಂದ ಬಹಳ ಕೆಳಗಿಳಿಸಿದರೂ ಹಾಗೆಯೇ, ನಡುವೆ ಒಂದು ದುಂಡನೆಯ ಕಿಟಕಿ ಮಾತ್ರ ಉಳಿಯುತ್ತದೆ. ಆಟೋಫೋಕಸ್ ಆಫ್ ಮಾಡುವುದನ್ನು ಮರೆಯಬಾರದು, ಏಕೆಂದರೆ ಪ್ಲಾಸ್ಟಿಕ್ಕಿನ ಮೂತಿಗೆ ತೂಗುಬಿದ್ದ ಲೋಹದ ಲೆನ್ಸನ್ನು ಆ ಸಣ್ಣ ಮೋಟರು ಎಳೆದಾಡುವುದು ಒಳ್ಳೆಯದಲ್ಲ. ನಾನು ಎಡಗೈಯನ್ನು ಯಾವಾಗಲೂ ಹೀಲಿಯೋಸಿನ ಕೆಳಗೇ ಇಟ್ಟಿರುತ್ತೇನೆ.

ಇಷ್ಟೆಲ್ಲ ಹಿಗ್ಗಿಸಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಟ್ಯೂಬಿನಿಂದ ಒಂದಕ್ಕೊಂದು ಅಳತೆಗೆ ಹೋದಾಗ ಲೆನ್ಸು ಸೆನ್ಸರಿನಿಂದ ಎರಡು ಪಟ್ಟು ದೂರವಿರುವುದರಿಂದ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ. ರಿಂಗಿನ ಮೇಲೆ ಎಫ್/8 ಎಂದಿದ್ದರೂ ನಡೆಯುವುದು ಎಫ್/16ರ ಲೆಕ್ಕ. ಆಗ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮೂರೂವರೆ ಪಟ್ಟಿನ ಜೋಡಣೆಯಲ್ಲಿ ಜೂಮನ್ನು ಎಫ್/11ಕ್ಕೆ ಇಟ್ಟರೆ ಆ ಆಳ ಒಂದು ಮಿಲಿಮೀಟರಿನ ಇಪ್ಪತ್ತೈದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಚಗಳಿಯ ಕಣ್ಣಿನ ಮುಂಭಾಗ ಸ್ಪಷ್ಟವಾದರೆ ಅದೇ ಕಣ್ಣಿನ ಅಂಚು ಮಸುಕು. ಇನ್ನೂ ಕಿರಿದು ಮಾಡೋಣವೆಂದರೆ ಬೆಳಕು ಸಣ್ಣ ಕಿಂಡಿಯ ಅಂಚಿನಲ್ಲಿ ಚದುರಿ ಇಡೀ ಚಿತ್ರವೇ ಮೆದುವಾಗುತ್ತದೆ. ಎಫ್/11ರಿಂದ 16ರ ನಡುವೆ ನಿಲ್ಲುವುದೇ ಸರಿ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಒಂದೇ ಒಣಗಿದ ಎಲೆಯನ್ನು ನೂರಾರು ಬಾರಿ ತೆಗೆದು ನೋಡಿದ ಮೇಲೆ.

ಫೋಕಸ್ ರಿಂಗನ್ನು ತಿರುಗಿಸುವುದರಿಂದ ಇಲ್ಲಿ ಹೆಚ್ಚೇನೂ ಆಗುವುದಿಲ್ಲ. ಇಡೀ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಬೇಕು, ಮತ್ತು ಆ ಸರಿಸುವಿಕೆ ಉಸಿರಿನಷ್ಟು ಮೆಲ್ಲಗಿರಬೇಕು. ತೋಟದ ಮೆತ್ತನೆಯ ಮಣ್ಣಿನಲ್ಲಿ ಟ್ರೈಪಾಡ್ ನಿಧಾನವಾಗಿ ಇಳಿಯುತ್ತಲೇ ಇರುವುದರಿಂದ ನಾನು ಅದನ್ನು ಬಿಟ್ಟಿದ್ದೇನೆ. ಕಾದಿಗೆಯ, ಅಂದರೆ ತೋಟದ ಬಸಿಗಾಲುವೆಯ, ಏರಿಯ ಮೇಲೆ ಒಣಗಿದ ಅಡಿಕೆ ಹಾಳೆಯೊಂದನ್ನು ಹಾಸಿಕೊಂಡು, ಮೊಣಕೈಗಳನ್ನು ಊರಿ, ಎಲೆಯ ತೊಟ್ಟನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಇರಿಸುತ್ತೇನೆ. ಗಾಳಿ ಬಂದರೆ ಎಲೆ, ಕೈ, ಲೆನ್ಸು ಮೂರೂ ಒಟ್ಟಿಗೆ ಅಲುಗುತ್ತವೆಯಾದ್ದರಿಂದ ಅವುಗಳ ನಡುವಿನ ದೂರ ಕೆಡುವುದಿಲ್ಲ. ಶಟರ್ ಡಿ5300 ಫ್ಲ್ಯಾಶಿನೊಂದಿಗೆ ಹೋಗಬಲ್ಲ ಮಿತಿಯಾದ 1/200 ಸೆಕೆಂಡಿನಲ್ಲಿರುತ್ತದೆ. ಕಡಿಮೆ ಶಕ್ತಿಯಲ್ಲಿಟ್ಟ ಫ್ಲ್ಯಾಶಿನ ಮಿಂಚು ಅದಕ್ಕಿಂತ ಎಷ್ಟೋ ಪಟ್ಟು ಚುಟುಕಾದ್ದರಿಂದ ಚಲನೆಯನ್ನು ನಿಲ್ಲಿಸುವುದು ಮಿಂಚೇ ಹೊರತು ಶಟರಲ್ಲ. ಆ ಮಿಂಚನ್ನು ನೇರವಾಗಿ ಬಿಟ್ಟರೆ ಇರುವೆಯ ಬೆನ್ನಿನ ಮೇಲೆ ಬಿಳಿಯ ಚುಕ್ಕೆ ಮೂಡುತ್ತದೆ. ತೊಳೆದು ಬಿಡಿಸಿದ ಹಾಲಿನ ಪ್ಯಾಕೆಟ್ಟಿನ ಒಳಮೈಯನ್ನೂ ಎರಡು ಪದರ ಟ್ರೇಸಿಂಗ್ ಪೇಪರನ್ನೂ ತಂತಿಯ ಚೌಕಟ್ಟಿಗೆ ಹೊಲಿದು ಲೆನ್ಸಿನ ಮೇಲೆ ಬಾಗಿಸಿಕೊಂಡಿದ್ದೇನೆ. ತಿರುಗಿಸಿದ ಲೆನ್ಸಿನ ಹಿಂಬದಿ ಮುಂಬದಿಗಿಂತ ಕಿರಿದಾಗಿರುವುದು ಇಲ್ಲಿಯೂ ಉಪಕಾರಕ್ಕೆ ಬರುತ್ತದೆ, ಅದರ ಪಕ್ಕದಿಂದ ಬೆಳಕು ಸಲೀಸಾಗಿ ಎಲೆಯವರೆಗೆ ಇಳಿಯುತ್ತದೆ.

ಕಾರವಾರದಲ್ಲಿ ಮಾತ್ರ ಈ ಜೋಡಣೆ ನನಗೆ ಒಲಿಯಲಿಲ್ಲ. ದೇವಬಾಗದ ಮರಳಿನಲ್ಲಿ ಇಳಿತದ ಹೊತ್ತಿಗೆ ಸಣ್ಣ ಸಣ್ಣ ಉಂಡೆಗಳನ್ನು ಕಟ್ಟಿ ಸಾಲಾಗಿ ಹರಡುವ ಪುಟ್ಟ ಏಡಿಗಳನ್ನು ಹಿಡಿಯಬೇಕೆಂದು ಹೋಗಿ, ಹೊಟ್ಟೆಯ ಮೇಲೆ ಮಲಗಿ, ಒಂದು ಮಧ್ಯಾಹ್ನವನ್ನು ಕಳೆದೆ. ನಾಲ್ಕು ಸೆಂಟಿಮೀಟರಿನವರೆಗೆ ಹೋಗುವುದಿರಲಿ, ನಾಲ್ಕು ಅಡಿ ಇರುವಾಗಲೇ ಅವು ಬಿಲ ಸೇರುತ್ತಿದ್ದವು. ಓಡುವ ಪ್ರಾಣಿಗೆ ಉದ್ದ ಸಂಗಮದೂರದ ನಿಜವಾದ ಮ್ಯಾಕ್ರೋ ಲೆನ್ಸೇ ಬೇಕು. ಅದರ ಬದಲಿಗೆ ಉಂಗುರ ಸಾಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಂದು ಥ್ರೆಡ್ಡಿನೊಳಗೆ ಸೇರಿದ ಒಂದು ಮರಳ ಕಣ, ಮನೆಗೆ ಬಂದು ಉಂಗುರ ಬಿಚ್ಚುವಾಗ ಕರಕರ ಎಂದು ಅಲ್ಯೂಮಿನಿಯಮ್ಮನ್ನು ಕೊರೆಯಿತು. ಈಗ ಪ್ರತಿ ಬಾರಿಯೂ ಮೆತ್ತನೆಯ ಬ್ರಷ್ಷಿನಿಂದ ಥ್ರೆಡ್ಡನ್ನು ಉಜ್ಜಿ, ಮೆದು ಪೆನ್ಸಿಲಿನ ಸೀಸವನ್ನು ಅದರ ಮೇಲೆ ತೀಡುತ್ತೇನೆ. ಎಣ್ಣೆ ಹಚ್ಚಬಾರದು, ಅದು ಹರಿದು ಅಪರ್ಚರಿನ ಎಸಳುಗಳಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಲೆನ್ಸುಗಳೂ ಉಂಗುರಗಳೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿರುತ್ತವೆ, ಮತ್ತು ಬಿಸಿಲು ಕಂಡ ದಿನ ಆ ಜೆಲ್ಲನ್ನು ಒಲೆಯ ಬದಿಗೆ ಒಣಗಿಸುವುದು ನನ್ನ ನೇಮ.

ಕಳೆದ ಬೇಸಿಗೆಯಲ್ಲಿ ಮನೆಯ ಹಿಂದಿನ ನರ್ಸರಿಯ ಅಡಿಕೆ ಸಸಿಗಳ ಎಲೆ ಚುಕ್ಕೆಚುಕ್ಕೆಯಾಗಿ ಹಳದಿಗಟ್ಟಿತು. ಬಿಸಿಲಿಗೆ ಹಾಗಾಗಿದೆಯೆಂದು ಆಯಿ ಸೋಗೆಯ ಚಪ್ಪರವನ್ನು ಇನ್ನಷ್ಟು ದಟ್ಟ ಮಾಡಿಸಿದ್ದಳು. ಎಲೆಯೊಂದನ್ನು ಚಿವುಟಿ ತಂದು, ಕಿಟಕಿಯ ಪಕ್ಕದ ಮೇಜಿನ ಮೇಲೆ ತಳಮೈಯನ್ನು ಮೇಲುಮಾಡಿ ಇಟ್ಟು, ಎರಡು ಲೆನ್ಸಿನ ಜೋಡಣೆಯನ್ನು ಅದರ ಮೇಲೆ ಇಳಿಸಿದೆ. ಬರಿಗಣ್ಣಿಗೆ ಕುಂಕುಮದ ಧೂಳಿನಂತೆ ಕಂಡದ್ದು ಕಾಲು ಮೂಡಿಸಿಕೊಂಡು ನಿಂತಿತು. ಕೆಂಪು ನುಸಿ. ಒಂದು ನುಸಿಯ ಉದ್ದ ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟೂ ಇಲ್ಲ. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದಕ್ಕೆ ಸಿಕ್ಕ ಜಾಗ ಸುಮಾರು 260. ಅಷ್ಟರಲ್ಲೂ ಬೆನ್ನಿನ ಮೇಲಿನ ಬಿಳಿಯ ರೋಮಗಳು, ಕೆಲವು ರೋಮಗಳ ತುದಿಯಲ್ಲಿ ಮಿನುಗುವ ದ್ರವದ ಹನಿಗಳು ಕಾಣುತ್ತಿದ್ದವು.

ಆಯಿಯನ್ನು ಕರೆದು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವಳು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಬಗ್ಗಿ ನೋಡಿದಳು. "ತಮಾ, ಇದಕ್ಕೆ ಮೈ ತುಂಬ ಮುಳ್ಳು ಇದ್ದಲಾ" ಎಂದಳು. ಸ್ವಲ್ಪ ಹೊತ್ತಿನ ಬಳಿಕ, "ಇದು ನಮ್ಮನೆ ಸಸಿ ಮೇಲಿಂದನಾ?" ಎಂದು ಕೇಳಿದಳು. ಹೌದು ಎಂದು, ಮೇಜಿನ ಮೇಲಿದ್ದ ಎಲೆಯನ್ನು ತೋರಿಸಿದೆ. ಅವಳು ಎಲೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ಪರದೆಯನ್ನೊಮ್ಮೆ ಎಲೆಯನ್ನೊಮ್ಮೆ ನೋಡಿ, ಏನೂ ಹೇಳದೆ ಹಿತ್ತಿಲಿಗೆ ಹೋದಳು. ನಾನು ಉಂಗುರಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಕ್ಕೆ ಹಾಕಿ ಹೊರಗೆ ಬರುವಷ್ಟರಲ್ಲಿ ಅವಳು ನೀರಿನ ಪೈಪನ್ನು ಎಳೆದು ತಂದು, ಸಸಿಗಳ ಎಲೆಗಳನ್ನು ಒಂದೊಂದಾಗಿ ಮಗುಚಿ ಹಿಡಿದು ತಳಮೈಗೆ ನೀರು ರಾಚುತ್ತಿದ್ದಳು.